ಹಾನ್ಲೆಯ ಅಂಗಳದಲ್ಲಿ ಒಂದು ದೂರದರ್ಶಕ

ಲೇಹ್‌ನಿಂದ ಹಾನ್ಲೆಗೆ ಹೋಗುವ ದಾರಿ ಬಹುಪಾಲು ಸಿಂಧೂ ನದಿಯ ಮಗ್ಗುಲಲ್ಲೇ ಸಾಗುತ್ತದೆ. ಕಾರೂ, ಉಪ್ಶಿ ದಾಟಿ, ಚುಮಾಥಾಂಗ್‌ನ ಬಿಸಿನೀರಿನ ಬುಗ್ಗೆಗಳನ್ನು ಹಾದು ನ್ಯೋಮಾ ಮುಟ್ಟುವ ಹೊತ್ತಿಗೆ ಮರಗಳೆಲ್ಲ ಹಿಂದೆ ಉಳಿದಿರುತ್ತವೆ. ಲೋಮಾ ಸೇತುವೆಯ ಬಳಿ ಅನುಮತಿ ಪತ್ರ ತೋರಿಸಿ ಆಚೆ ದಡಕ್ಕೆ ಹೋದರೆ ಕಣಿವೆ ಅಗಲವಾಗುತ್ತಾ ಆಗುತ್ತಾ ಬಯಲಾಗಿಬಿಡುತ್ತದೆ. ಜೌಗುನೆಲದಲ್ಲಿ ಕಪ್ಪು ಕತ್ತಿನ ಕ್ರೌಂಚಗಳು, ಅಲ್ಲಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ದೂರದಲ್ಲಿ ಚಾಂಗ್ಪಾ ಜನರ ಪಶ್ಮೀನಾ ಆಡುಗಳು. ದಿಬ್ಬದ ಮೇಲೆ 17ನೇ ಶತಮಾನದ ಬೌದ್ಧ ಮಠ. ಅದರಾಚೆಯ ಬೆಟ್ಟದ ನೆತ್ತಿಯಲ್ಲಿ ಹೊಳೆಯುವ ಒಂದು ಗುಮ್ಮಟ. ಲೇಹ್ ಬಿಟ್ಟು 250 ಕಿ.ಮೀ.ಗಿಂತ ಹೆಚ್ಚು ಬಂದಾಯಿತು ಎನ್ನುವುದಕ್ಕೆ ಆ ಗುಮ್ಮಟವೇ ಗುರುತು.

ಆಕಾಶ ನೋಡುವ ಹವ್ಯಾಸಕ್ಕೆ ಹೊಸದಾಗಿ ಕಾಲಿಟ್ಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ದೂರದರ್ಶಕ ಕೊಳ್ಳಲಿ? ಅಂಗಡಿಯಲ್ಲಿ, ಜಾಹೀರಾತಿನಲ್ಲಿ ಈ ಪ್ರಶ್ನೆಗೆ ನೂರು ಉತ್ತರಗಳಿವೆ. ಹಾನ್ಲೆಯಲ್ಲಿ ಇರುವುದು ಒಂದು ಉತ್ತರ, ಅದೂ ಕೈಯಿಂದ ಮುಟ್ಟಿ ನೋಡಬಹುದಾದ ಉತ್ತರ. ದೇಶದ ದೊಡ್ಡ ಖಗೋಳ ಉಪಕರಣಗಳಲ್ಲಿ ಕೆಲವು ಇರುವ ಈ ಊರಿನಲ್ಲಿ, ಹಳ್ಳಿಯ ಜನರ ಕೈಗೆ ವಿಜ್ಞಾನಿಗಳು ಎಂಥ ದೂರದರ್ಶಕವನ್ನು ಕೊಟ್ಟರು, ಯಾಕೆ ಕೊಟ್ಟರು ಎಂದು ನೋಡಿದರೆ ಸಾಕು. ಮೊದಲ ದೂರದರ್ಶಕ ಕೊಳ್ಳಬೇಕೆಂದಿರುವವರಿಗೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಅದು.

ಕತ್ತಲೆಯನ್ನು ಕಾಯುವ ಊರು

ಹಾನ್ಲೆ ಎಂದರೆ ಒಂದೇ ಹಳ್ಳಿಯಲ್ಲ. ಭೋಕ್, ಶಾದೋ, ಪುಂಗುಕ್, ಖುಲ್ದೋ, ನಾಗಾ ಮುಂತಾದ ಪುಟ್ಟ ಕೇರಿಗಳ ಒಟ್ಟು ಹೆಸರು. ಚಾಂಗ್‌ಥಾಂಗ್ ವನ್ಯಜೀವಿ ಧಾಮದೊಳಗಿನ ಈ ಸೀಮೆಯ 1,073 ಚದರ ಕಿ.ಮೀ. ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಭಾರತದಲ್ಲಿ ಅದೇ ಮೊದಲು. ಹುಲಿಗೆ, ಆನೆಗೆ ಕಾಡು ಮೀಸಲಿಟ್ಟ ಹಾಗೆ ಇಲ್ಲಿ ಇರುಳನ್ನೇ ಮೀಸಲಿಟ್ಟಿದ್ದಾರೆ. ಮನೆಗಳ ಕಿಟಕಿಗೆ ಬೆಳಕು ಹೊರಸೂಸದ ದಪ್ಪ ಪರದೆ, ಹೊರದೀಪಗಳಿಗೆ ನೆಲದ ಕಡೆಗೇ ಬೆಳಕು ಬೀಳಿಸುವ ಮುಚ್ಚಿಗೆ. ಕತ್ತಲಾದ ಮೇಲೆ ವಾಹನಗಳು ಕಣ್ಣು ಕುಕ್ಕುವ ದೀಪ ಹಾಕುವಂತಿಲ್ಲ.

ಈ ಕತ್ತಲೆಯಿಂದ ಊರವರಿಗೂ ನಾಲ್ಕು ಕಾಸು ಸಿಗಬೇಕಲ್ಲ? ಭಾರತೀಯ ಖಗೋಳಭೌತ ಸಂಸ್ಥೆ ಈ ಕೇರಿಗಳಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಆರಿಸಿ ತರಬೇತಿ ಕೊಟ್ಟಿತು. ಅವರಿಗೆ ಖಗೋಳ ರಾಯಭಾರಿಗಳು ಎಂದು ಹೆಸರು. ಹೆಣ್ಣುಮಕ್ಕಳೇ ಹೆಚ್ಚು. ಹಗಲು ಹೊಲ, ದನಕರು, ಅಡುಗೆ ನೋಡಿಕೊಂಡು, ಇರುಳಾದ ಮೇಲೆ ತಮ್ಮ ಮನೆಯಲ್ಲಿ ಉಳಿಯಲು ಬಂದ ಅತಿಥಿಗಳಿಗೆ ಆಕಾಶ ತೋರಿಸುವವರು ಇವರು. ಅವರ ಕೈಗೆ ಸಂಸ್ಥೆ ಕೊಟ್ಟ ಉಪಕರಣ ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕ. ಮೋಟಾರು, ಕಂಪ್ಯೂಟರು ಯಾವುದೂ ಅದಕ್ಕೆ ಬೇಕಿಲ್ಲ. ಒಂದು ಕೊಳವೆ, ಎರಡು ಕನ್ನಡಿ, ಒಂದು ಮರದ ಪೀಠ.

ಬೆಟ್ಟದ ಮೇಲಿನ ಕಣ್ಣು

ಹಗಲಲ್ಲಿ ಬೆಟ್ಟ ಹತ್ತಿ ಹೋದರೆ ದೊಡ್ಡ ಗುಮ್ಮಟವನ್ನು ಹತ್ತಿರದಿಂದ ನೋಡಬಹುದು. ಬೆಟ್ಟದ ಹೆಸರು ದಿಗ್ಪಾ-ರತ್ಸಾ ರೀ. ಸರಸ್ವತಿ ಪರ್ವತವೆಂದೂ ಕರೆಯುತ್ತಾರೆ. ಎತ್ತರ 4,500 ಮೀಟರ್. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಇಲ್ಲಿ. ಅದರ ಕನ್ನಡಿಯ ಅಡ್ಡಳತೆ 2.01 ಮೀಟರ್. ಮೊದಲ ಬೆಳಕು ಕಂಡದ್ದು 2000ದ ಸೆಪ್ಟೆಂಬರ್‌ನಲ್ಲಿ. ಕೆಳಗೆ ಬಯಲಿನಲ್ಲಿ 21 ಮೀಟರ್ ಅಗಲದ ಮೇಸ್ ಎಂಬ ಗಾಮಾ ಕಿರಣ ದೂರದರ್ಶಕವೂ ಇದೆ. ಅದು 2024ರಲ್ಲಿ ಉದ್ಘಾಟನೆಯಾಯಿತು.

ಕನ್ನಡಿಗರಿಗೆ ಈ ಗುಮ್ಮಟದ ಜೊತೆ ಒಂದು ನಂಟಿದೆ. ಚಂದ್ರ ದೂರದರ್ಶಕವನ್ನು ನಡೆಸುವ ಖಗೋಳಭೌತ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ದೂರದರ್ಶಕವನ್ನು ತಿರುಗಿಸುವ ಆಜ್ಞೆ ಹೊರಡುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹದ ಮೂಲಕ. ಹೊಸಕೋಟೆಯಲ್ಲಿ ಮಳೆ ಹೊಯ್ಯುತ್ತಿದ್ದರೂ ಅಲ್ಲಿ ಕುಳಿತ ವಿಜ್ಞಾನಿಗೆ ಹಾನ್ಲೆಯ ನಿರ್ಮಲ ಆಕಾಶ ಕೈಗೆಟುಕುತ್ತದೆ. ವರ್ಷದ ಮಳೆ, ಹಿಮ ಎಲ್ಲ ಸೇರಿ ಹತ್ತು ಸೆಂಟಿಮೀಟರ್ ದಾಟದ ಜಾಗವಿದು. ವರ್ಷಕ್ಕೆ 250ಕ್ಕೂ ಹೆಚ್ಚು ರಾತ್ರಿಗಳು ಕೆಲಸಕ್ಕೆ ಒದಗುತ್ತವೆ.

ದೂರದರ್ಶಕ ಕೊಳ್ಳಲು ಹೊರಟವರು ಈ ಗುಮ್ಮಟದ ಮುಂದೆ ನಿಂತು ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಈ ದೂರದರ್ಶಕ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರೂ ಹೇಳುವುದು ಕನ್ನಡಿಯ ಅಗಲ. ದೂರದರ್ಶಕದ ಮೊದಲ ಕೆಲಸ ಬೆಳಕು ಕೂಡಿಸುವುದು. ಅಗಲ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಎರಡನೆಯದು, ಅದು ಕುಳಿತಿರುವ ರೀತಿ. ಚಂದ್ರ ದೂರದರ್ಶಕ ಎಡಬಲಕ್ಕೆ ಸುತ್ತುತ್ತದೆ, ಮೇಲೆ ಕೆಳಗೆ ಏಳುತ್ತದೆ. ಇಷ್ಟೇ ಎರಡು ಚಲನೆ. ಹಳ್ಳಿಯ ಮನೆಯಂಗಳದ ಡಾಬ್ಸೋನಿಯನ್‌ನದೂ ಅದೇ ಎರಡು ಚಲನೆ. ಬೆಟ್ಟದ ಮೇಲಿನದನ್ನು ಕಂಪ್ಯೂಟರ್ ತಿರುಗಿಸುತ್ತದೆ, ಕೆಳಗಿನದನ್ನು ಕೈ ತಿರುಗಿಸುತ್ತದೆ.

ಒಂದು ಲೆಕ್ಕವನ್ನೂ ಇಲ್ಲೇ ಹಾಕಿಬಿಡಬಹುದು. ಕತ್ತಲಿಗೆ ಹೊಂದಿಕೊಂಡ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ. ಎಂಟು ಇಂಚಿನ, ಎಂದರೆ 203 ಮಿ.ಮೀ.ನ ಕನ್ನಡಿ ಅದರ 800 ಪಟ್ಟಿಗಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಎಂಟು ಇಂಚಿನದಕ್ಕಿಂತ ಎರಡು ಮೀಟರಿನ ಚಂದ್ರ ದೂರದರ್ಶಕ ಹಿಡಿಯುವುದು ಸುಮಾರು 100 ಪಟ್ಟು ಹೆಚ್ಚು. ಬರಿಗಣ್ಣಿನಿಂದ ಅಂಗಳದ ದೂರದರ್ಶಕಕ್ಕೆ ಇಡುವ ಹೆಜ್ಜೆ, ಅಂಗಳದಿಂದ ಬೆಟ್ಟದ ನೆತ್ತಿಗೆ ಇಡುವ ಹೆಜ್ಜೆಗಿಂತ ದೊಡ್ಡದು. ಹವ್ಯಾಸಿಯ ಮೊದಲ ದೂರದರ್ಶಕವನ್ನು ಹಗುರವಾಗಿ ನೋಡಬಾರದು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಂಗಳಕ್ಕೆ ಬಂದ ಕನ್ನಡಿ

ಸಂಜೆ ನಾವು ಇಳಿದುಕೊಂಡ ಮನೆಯ ಒಡತಿ ದೂರದರ್ಶಕವನ್ನು ಹೊರಗೆ ತಂದರು. ಅವರೂ ರಾಯಭಾರಿಗಳಲ್ಲಿ ಒಬ್ಬರು. ಲಡಾಖಿನಲ್ಲಿ ಅಕ್ಕನನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ‘ಆಚೆ-ಲೆ’ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೊದಲು ಪೀಠವನ್ನು ತಂದು ಸಮನಾದ ನೆಲ ನೋಡಿ ಇಟ್ಟರು. ಆಮೇಲೆ ನಾಲ್ಕಡಿ ಉದ್ದದ ಕೊಳವೆಯನ್ನು ಅಪ್ಪಿಕೊಂಡು ತಂದು ಅದರ ಮೇಲೆ ಕೂರಿಸಿದರು. ಎರಡು ನಿಮಿಷದ ಕೆಲಸ.

“ಈಗಲೇ ನೋಡಬಹುದಾ, ಆಚೆ-ಲೆ?” ಎಂದೆ.

“ಇನ್ನೂ ಇಲ್ಲ. ಒಳಗಿನ ಬೆಚ್ಚಗಿನ ಕೋಣೆಯಿಂದ ಬಂದಿದೆ. ಕನ್ನಡಿ ಹೊರಗಿನ ಚಳಿಗೆ ಹೊಂದಬೇಕು. ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ನಿಮ್ಮ ಕಣ್ಣೂ ಕತ್ತಲಿಗೆ ಹೊಂದುತ್ತೆ” ಎಂದು ಹಿಂದಿಯಲ್ಲಿ ಹೇಳಿ ಚಹಾ ತರಲು ಹೋದರು.

ಆ ಅರ್ಧ ಗಂಟೆ ಪೀಠವನ್ನು ನೋಡುತ್ತಾ ಕುಳಿತೆ. ನಮ್ಮ ಬೀಸುಕಲ್ಲಿನ ಹಾಗೆ ಕೆಳಗೊಂದು ಕದಲದ ಹಲಗೆ, ನಡುವೆ ಒಂದು ಗೂಟ, ಅದರ ಸುತ್ತ ತಿರುಗುವ ಮೇಲಿನ ಪೆಟ್ಟಿಗೆ. ಬೆರಳಿನಿಂದ ತಳ್ಳಿದರೆ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಇಷ್ಟು ಸರಳವಾದದ್ದನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ ಒಬ್ಬ ಸಂನ್ಯಾಸಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಆತ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸಮಾಜದ ಮಠ ಸೇರಿದರು. ಅದು ರಾಮಕೃಷ್ಣ ಸಂಘದ ಶಾಖೆ. ಕೈಯಲ್ಲಿ ಹಣವಿಲ್ಲ, ಬ್ರಹ್ಮಾಂಡವನ್ನು ಜನಕ್ಕೆ ತೋರಿಸಬೇಕೆಂಬ ಆಸೆ ಮಾತ್ರ ಬಲವಾಗಿತ್ತು. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಮರದ ತುಂಡುಗಳಿಂದ ಉಳಿದದ್ದನ್ನು ಕಟ್ಟಿದರು. 1967ರಲ್ಲಿ ಮಠ ಬಿಟ್ಟ ಮೇಲೆ ಬೀದಿಬದಿಯ ಖಗೋಳವೀಕ್ಷಕರ ಗುಂಪನ್ನು ಕಟ್ಟಿ, ದಾರಿಹೋಕರನ್ನು ನಿಲ್ಲಿಸಿ ಚಂದ್ರನನ್ನೂ ಶನಿಯನ್ನೂ ತೋರಿಸಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ದಾರಿಹೋಕರಿಗಾಗಿ ಹುಟ್ಟಿದ ಉಪಕರಣ ಹಾನ್ಲೆಯ ಅತಿಥಿಗಳಿಗೆ ಒದಗಿಬಂದದ್ದು ಸರಿಯಾಗಿಯೇ ಇದೆ.

ಕಣ್ಣಿಗೆ ಬಿದ್ದದ್ದು

ಅದೇ ಮನೆಯಲ್ಲಿ ದಾವಣಗೆರೆಯ ಕಡೆಯ ಒಬ್ಬರು ಒಂಬತ್ತನೇ ತರಗತಿಯ ಮಗಳ ಜೊತೆ ಇಳಿದಿದ್ದರು. 2025ರ ಮಹಾಲಯ ಅಮಾವಾಸ್ಯೆ ಆಗತಾನೇ ಕಳೆದಿತ್ತು; ಚಂದ್ರ ಬೇಗ ಮುಳುಗುವ ದಿನಗಳು. ಎಂಟು ಗಂಟೆಯ ಹೊತ್ತಿಗೆ ಆಕಾಶಗಂಗೆ ನೈಋತ್ಯದ ಧನು ರಾಶಿಯಿಂದ ನೆತ್ತಿಯ ರಾಜಹಂಸದವರೆಗೆ ಏರಿ ಈಶಾನ್ಯಕ್ಕೆ ಇಳಿದಿತ್ತು. ಅದರ ನಡುವಿನ ಕಪ್ಪು ಸೀಳು, ಅಂಚಿನ ಕವಲುಗಳು ಎಲ್ಲ ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹುಡುಗಿ ದೂರದರ್ಶಕದ ಕಡೆ ತಿರುಗಿಯೂ ನೋಡಲಿಲ್ಲ. ಬಹಳ ಹೊತ್ತು ತಲೆಯೆತ್ತಿಯೇ ನಿಂತಿದ್ದಳು.

ಆಚೆ-ಲೆ ಅವಳ ಕೈಗೆ ಮೊದಲು ಕೊಟ್ಟದ್ದು ಬೈನಾಕ್ಯುಲರ್. ಈಶಾನ್ಯದಲ್ಲಿ ಏಳುತ್ತಿದ್ದ ದೇವಯಾನಿ ಗೆಲಾಕ್ಸಿಯನ್ನು ಹುಡುಕಲು ಹೇಳಿದರು. ನಮ್ಮ ಕಣ್ಣು ಸೇರುವ ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ. ಬೈನಾಕ್ಯುಲರ್‌ನಲ್ಲಿ ಅದು ಉದ್ದನೆಯ ಬೆಳಕಿನ ಪಟ್ಟಿಯಾಗಿ ಇಡಿಯಾಗಿ ಕಂಡಿತು. ಆಮೇಲೆ ದೂರದರ್ಶಕದಲ್ಲಿ ನೋಡಿದರೆ ನಡುವಿನ ಉಜ್ವಲ ಭಾಗ, ಪಕ್ಕದ ಪುಟ್ಟ ಸಂಗಾತಿ ಗೆಲಾಕ್ಸಿ ಸ್ಪಷ್ಟವಾದವು, ಆದರೆ ಅಂಚುಗಳು ನೋಟದ ಚೌಕಟ್ಟಿನ ಹೊರಗುಳಿದವು. ದೇವಯಾನಿಯ ಪೂರ್ತಿ ಉದ್ದ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. 1,200 ಮಿ.ಮೀ. ನಾಭಿದೂರದ ಈ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 48 ಪಟ್ಟು ದೊಡ್ಡದಾಗಿ ಕಾಣುತ್ತದೆ, ನೋಟದೊಳಗೆ ಹಿಡಿಸುವುದು ಎರಡು ಚಂದ್ರರಷ್ಟು ಆಕಾಶ ಮಾತ್ರ. ಬೈನಾಕ್ಯುಲರ್ ಮಾಡುವ ಕೆಲಸವನ್ನು ದೂರದರ್ಶಕ ಮಾಡಲಾರದು. ದೂರದರ್ಶಕ ಕೊಂಡ ಮೇಲೂ ಬೈನಾಕ್ಯುಲರ್ ಬೇಕು. ಎರಡರಲ್ಲಿ ಒಂದೇ ಕೊಳ್ಳಲು ಸಾಧ್ಯವಾದರೆ ಮೊದಲು ಬೈನಾಕ್ಯುಲರ್.

ಮುಂದೆ ಭೀಮ ಪುಂಜದ ಗೋಳಾಕಾರದ ನಕ್ಷತ್ರಗುಚ್ಛ. 10 ಮಿ.ಮೀ. ಐಪೀಸ್ ಹಾಕಿದಾಗ ನೋಟ 120 ಪಟ್ಟಾಯಿತು, ಮಸುಕಾದ ಚೆಂಡು ನೂರಾರು ಚುಕ್ಕಿಗಳಾಗಿ ಒಡೆಯಿತು. ಸಣ್ಣ ದೂರದರ್ಶಕದಲ್ಲಿ ಇದು ಮಂಜಿನ ಉಂಡೆ. ಎಂಟು ಇಂಚಿನಲ್ಲಿ ನಕ್ಷತ್ರಗಳ ಗುಂಪು. ಅಗಲದ ಬೆಲೆ ತಿಳಿಯುವುದು ಇಂಥಲ್ಲಿ. ಅಭಿಜಿತ್ ನಕ್ಷತ್ರದ ಕೆಳಗಿನ ಉಂಗುರ ನೀಹಾರಿಕೆಯನ್ನು ಹುಡುಗಿಯೇ ಹುಡುಕಿದಳು. ಆಚೆ-ಲೆ ದಾರಿ ಹೇಳಿದರೇ ಹೊರತು ಕೊಳವೆಯನ್ನು ಮುಟ್ಟಲಿಲ್ಲ. ಎರಡು ನಕ್ಷತ್ರಗಳ ನಡುವೆ ಕೊಳವೆಯನ್ನು ಅಂಗುಲ ಅಂಗುಲ ಸರಿಸುತ್ತಾ ಹೋಗಿ, ಬೂದಿಬಣ್ಣದ ಆ ಪುಟ್ಟ ಬಳೆ ನೋಟದೊಳಗೆ ಬಂದಾಗ ಅವಳು “ಅಪ್ಪಾ, ಸಿಕ್ತು!” ಎಂದು ಕೂಗಿದಳು. ಗುಂಡಿ ಒತ್ತಿದರೆ ತಾನೇ ತಿರುಗಿ ತೋರಿಸುವ ಯಂತ್ರದಿಂದ ಆ ಕೂಗು ಹೊರಡುವುದಿಲ್ಲ. ಆಕಾಶದ ದಾರಿಗಳು ಮನಸ್ಸಿಗೆ ಹತ್ತುವುದು ಕೈಯಿಂದ ಹುಡುಕಿದಾಗ.

ರಾತ್ರಿ ಹತ್ತರ ಮೇಲೆ ಶನಿ ಸಾಕಷ್ಟು ಎತ್ತರಕ್ಕೆ ಬಂದ. ಆ ವರ್ಷ ಉಂಗುರಗಳು ನಮಗೆ ಅಂಚು ತೋರಿಸುತ್ತಿದ್ದವು. ಗೋಲದ ಎರಡೂ ಬದಿಗೆ ತೆಳ್ಳನೆಯ ಒಂದು ಗೆರೆ, ಸನಿಹದಲ್ಲಿ ಟೈಟನ್ ಉಪಗ್ರಹದ ಚುಕ್ಕಿ. ಚಿತ್ರಗಳಲ್ಲಿ ಕಾಣುವ ಅಗಲ ಉಂಗುರ ಸಿಗಲಿಲ್ಲವೆಂದು ಹುಡುಗಿಗೆ ಬೇಸರವೇನೂ ಆಗಲಿಲ್ಲ. ಉಂಗುರ ಎಷ್ಟು ತೆಳುವೆಂದು ಈ ವರ್ಷ ನೋಡಿದವರಿಗಷ್ಟೇ ಗೊತ್ತು, ಇನ್ನು ಕೆಲವು ವರ್ಷದಲ್ಲಿ ಅದು ಮತ್ತೆ ಅಗಲವಾಗುತ್ತದೆ ಎಂದು ಆಚೆ-ಲೆ ಹೇಳಿದ್ದು ಅವಳಿಗೆ ಹಿಡಿಸಿತು.

“525 ಪಟ್ಟು” ಎಂಬ ಪೆಟ್ಟಿಗೆ

ಮಗಳು ಐಪೀಸಿಗೆ ಕಣ್ಣಿಟ್ಟಿದ್ದಾಗ ತಂದೆ ನನ್ನ ಪಕ್ಕ ಬಂದು ಕೇಳಿದರು: “ಸಾರ್, ಅಂಗಡೀಲಿ ಒಂದು ತೋರಿಸಿದ್ರು. ಪೆಟ್ಟಿಗೆ ಮೇಲೆ 525 ಪಟ್ಟು ಅಂತ ಬರೆದಿತ್ತು. ಇದಕ್ಕಿಂತ ಎಷ್ಟೋ ಅಗ್ಗ. ಅದೇ ಸಾಕಲ್ವಾ?”

ಆ 525 ಎಲ್ಲಿಂದ ಬರುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿದೆ. 76 ಮಿ.ಮೀ. ಅಗಲದ ಕನ್ನಡಿ, 700 ಮಿ.ಮೀ. ನಾಭಿದೂರ. ಅದಕ್ಕೆ 4 ಮಿ.ಮೀ. ಐಪೀಸ್ ಹಾಕಿದರೆ 175 ಪಟ್ಟು, ನಡುವೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಮಸೂರ ಸೇರಿಸಿದರೆ 525. ಲೆಕ್ಕ ಸರಿ, ನೋಟ ಸರಿಯಲ್ಲ. ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟಿನವರೆಗೆ ಮಾತ್ರ ಚಿತ್ರ ಸ್ಪಷ್ಟವಾಗಿ ನಿಲ್ಲುತ್ತದೆ; 76ಕ್ಕೆ 150ರ ಆಸುಪಾಸು. ಅದರಾಚೆ ಸಿಗುವುದು ದೊಡ್ಡದಾದ ಮಸುಕು. ದೊಡ್ಡ ದೂರದರ್ಶಕಕ್ಕೂ ಗಾಳಿಯ ನಡುಕ ಅಡ್ಡಬರುವುದರಿಂದ ಬಹುತೇಕ ರಾತ್ರಿಗಳಲ್ಲಿ 200 ಪಟ್ಟಿನ ಆಚೆಈಚೆಗೇ ನಿಲ್ಲಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಕನ್ನಡಿಯ ಅಗಲಕ್ಕಿಂತ ದೊಡ್ಡಕ್ಷರದಲ್ಲಿ ಪಟ್ಟಿನ ಲೆಕ್ಕವನ್ನು ಬರೆದಿದ್ದರೆ ಆ ದೂರದರ್ಶಕವನ್ನು ಕೊಳ್ಳಬೇಡಿ.

ಅಂಥ ಪೆಟ್ಟಿಗೆಯೊಳಗಿನ ಇನ್ನೊಂದು ತೊಂದರೆ ತೆಳುಗಾಲಿನ ಟ್ರೈಪಾಡ್. 150 ಪಟ್ಟಿನಲ್ಲಿ ಶನಿಯನ್ನು ಹಿಡಿಯಲು ಹೊರಟಾಗ ಬೆರಳು ತಾಗಿದರೆ ಗ್ರಹ ಕುಣಿಯುತ್ತದೆ, ಗಾಳಿ ಬೀಸಿದರೆ ಮಾಯವಾಗುತ್ತದೆ. ಎರಡು ವಾರದಲ್ಲಿ ಮಗುವಿನ ಉತ್ಸಾಹ ಇಳಿಯುತ್ತದೆ, ತಪ್ಪು ತನ್ನದೇ ಎಂದು ಅದು ನಂಬುತ್ತದೆ. ಇದು ನನಗೆ ನಿಜಕ್ಕೂ ಸಂಕಟ ತರುವ ಸಂಗತಿ. ಕೆಟ್ಟ ಉಪಕರಣ ಹಣವನ್ನಷ್ಟೇ ತಿನ್ನುವುದಿಲ್ಲ, ಆಸಕ್ತಿಯನ್ನೂ ತಿನ್ನುತ್ತದೆ.

ಧ್ರುವಾಕ್ಷದ ಮೌಂಟ್ ಇರುವ ದೂರದರ್ಶಕಗಳನ್ನೂ ಅಂಗಡಿಯವರು ಮುಂದೆ ಮಾಡುತ್ತಾರೆ. ಫೋಟೊ ತೆಗೆಯುವವರಿಗೆ ಅದು ಅನುಕೂಲ. ಕಣ್ಣಿಟ್ಟು ನೋಡುವ ಹೊಸಬರಿಗೆ, ಅದರಲ್ಲೂ ಕರ್ನಾಟಕದಲ್ಲಿ, ಅದು ಕಷ್ಟ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಗುರಿಯಿಡಬೇಕು. ಹಾನ್ಲೆಯಲ್ಲಿ ಧ್ರುವ ಸುಮಾರು 33 ಡಿಗ್ರಿ ಎತ್ತರದಲ್ಲಿದ್ದರೆ ಬೆಂಗಳೂರಿನಲ್ಲಿ 13 ಡಿಗ್ರಿ ಮಾತ್ರ. ಪಕ್ಕದ ಮನೆಯ ನೀರಿನ ತೊಟ್ಟಿಯ ಹಿಂದೆ ಅದು ಮರೆಯಾಗಿರುವುದೇ ಹೆಚ್ಚು. ಅಕ್ಷವನ್ನು ಅಷ್ಟು ಬಗ್ಗಿಸಿದಾಗ ತೂಕದ ಸಲಾಕೆ ಟ್ರೈಪಾಡಿನ ಕಾಲಿಗೆ ತಾಗುವುದೂ ಉಂಟು.

ಹಾಗಾದರೆ ಯಾವುದು? ಹಾನ್ಲೆಯ ಉತ್ತರವನ್ನು ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ ಹೀಗೆ. ನೆಲಮಟ್ಟದ ಮನೆ, ಅಂಗಳ ಅಥವಾ ತೋಟ ಇದ್ದವರಿಗೆ ಎಂಟು ಇಂಚಿನ ಡಾಬ್ಸೋನಿಯನ್. ಅದರ ತೂಕ ಎಲ್ಲ ಸೇರಿ ಇಪ್ಪತ್ತು ಕಿಲೋ ಮೀರುತ್ತದೆ, ಎರಡು ಕಂತಿನಲ್ಲಿ ಹೊರಬೇಕು. ಮಹಡಿ ಹತ್ತಿ ತಾರಸಿಗೆ ಒಯ್ಯುವವರಿಗೆ, ಮಕ್ಕಳೇ ಎತ್ತಿಡಬೇಕಾದ ಮನೆಗೆ ಆರು ಇಂಚಿನದು. ಅದೂ ಕಣ್ಣಿನ 450 ಪಟ್ಟು ಬೆಳಕು ಹಿಡಿಯುತ್ತದೆ. ಬಾಲ್ಕನಿಯಷ್ಟೇ ಇರುವವರಿಗೆ ಗಟ್ಟಿ ಸ್ಟ್ಯಾಂಡಿನ ಮೇಲಿನ ಸಣ್ಣ ಮಸೂರದ ದೂರದರ್ಶಕ ಚಂದ್ರ, ಗುರು, ಶನಿ, ಜೋಡಿ ನಕ್ಷತ್ರಗಳಿಗೆ ಸಾಕು. ಇವುಗಳ ನೋಟವನ್ನು ಊರಿನ ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ. ಗೆಲಾಕ್ಸಿ, ನೀಹಾರಿಕೆಗಳನ್ನು ಮಾತ್ರ ಆ ಬೆಳಕು ನುಂಗಿಬಿಡುತ್ತದೆ. ನಗರದ ನಡುವೆ ಎಂಟು ಇಂಚಿನಲ್ಲಿ ಕಾಣುವ ದೇವಯಾನಿಗಿಂತ ಹಾನ್ಲೆಯಲ್ಲಿ ಬೈನಾಕ್ಯುಲರ್‌ನಲ್ಲಿ ಕಂಡ ದೇವಯಾನಿ ಎಷ್ಟೋ ಮೇಲು. ಆದ್ದರಿಂದ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹಳ್ಳಿಗೆ ಒಯ್ಯಲು ಆಗುತ್ತದೆಯೇ ಎಂಬುದನ್ನೂ ಅಳೆದು ನೋಡಿ ಕೊಳ್ಳಿ. ನೀವೊಬ್ಬರೇ ಎತ್ತಿ, ಇಟ್ಟು, ನೋಡಿ, ಒಳಗೆ ತರಬಲ್ಲ ದೂರದರ್ಶಕಗಳಲ್ಲಿ ಅತಿ ಅಗಲವಾದದ್ದು ಯಾವುದೋ ಅದೇ ನಿಮ್ಮದು.

ಉಳಿದ ಹಣವನ್ನು ಐಪೀಸ್‌ಗಳ ರಾಶಿಗೆ ಸುರಿಯಬೇಡಿ. 25 ಮತ್ತು 10 ಮಿ.ಮೀ.ನ ಎರಡು ಮೊದಲ ವರ್ಷಕ್ಕೆ ಸಾಕು. ಒಂದು ನಕ್ಷತ್ರಪಟ, ಕೆಂಪು ಬೆಳಕಿನ ಟಾರ್ಚ್, ಕನ್ನಡಿಗಳನ್ನು ನೇರಗೊಳಿಸುವ ಪುಟ್ಟ ಸಾಧನ ಇರಲಿ. ಕೊಳ್ಳುವ ಮುನ್ನ ಬೇರೆಯವರ ದೂರದರ್ಶಕದಲ್ಲಿ ನೋಡಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಆಕಾಶವೀಕ್ಷಣೆ ಕಾರ್ಯಕ್ರಮಗಳಿವೆ, ಹವ್ಯಾಸಿಗಳ ಸಂಘಗಳಿವೆ.

ಹೋಗುವವರಿಗೆ

ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ ದಾರಿ ಸುಗಮ. ಅಮಾವಾಸ್ಯೆಯ ಆಸುಪಾಸಿನ ವಾರ ಆರಿಸಿಕೊಳ್ಳಿ. ಅನುಮತಿ ಪತ್ರ ಮೊದಲೇ ಮಾಡಿಸಬೇಕು, ಎತ್ತರಕ್ಕೆ ದೇಹ ಹೊಂದಲು ಕೆಲವು ದಿನ ಲೇಹ್‌ನಲ್ಲೇ ನಿಲ್ಲಬೇಕು. ಹಾನ್ಲೆಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು. ಆಮ್ಲಜನಕ ಕಡಿಮೆಯಾದಾಗ ಕಣ್ಣಿನ ರಾತ್ರಿದೃಷ್ಟಿಯೂ ಮಂಕಾಗುತ್ತದೆ. ಸೆಪ್ಟೆಂಬರ್‌ನಲ್ಲೂ ಇರುಳಿನ ಚಳಿಗೆ ಉಣ್ಣೆಯ ಮೇಲೆ ಉಣ್ಣೆ ಬೇಕು. ಫೋನಿನ ಬೆಳಕು, ಕಾರಿನ ದೀಪ ಊರಿನ ನಿಯಮದಂತೆ ಇರಲಿ. ಆ ಕತ್ತಲೆ ಅವರ ಜೀವನೋಪಾಯ.

ಹೋಗಲು ಆಗದವರು ಕೊರಗಬೇಕಿಲ್ಲ. ಹಾನ್ಲೆಯಲ್ಲಿ ದಿಗಂತದ ಬೆಟ್ಟಗಳ ಮರೆಯಲ್ಲಿ ಉಳಿದುಬಿಡುವ ಅಗಸ್ತ್ಯ ನಕ್ಷತ್ರ ನಮ್ಮಲ್ಲಿ ಚಳಿಗಾಲದ ರಾತ್ರಿ ದಕ್ಷಿಣದಲ್ಲಿ ಧಾರಾಳವಾಗಿ ಬೆಳಗುತ್ತದೆ. ಬೇಸಿಗೆಯಲ್ಲಿ ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ ಚಿತ್ರದುರ್ಗದ, ಚಾಮರಾಜನಗರದ ಹೊಲಗಳಿಂದ ಚೆನ್ನಾಗಿ ಕಾಣುತ್ತದೆ. ಹಾನ್ಲೆಗೆ ಅದು ನೆಲಕ್ಕಂಟಿದ ಮಸುಕು. ಆರು ಇಂಚಿನ ದೂರದರ್ಶಕ ಅದನ್ನು ಚುಕ್ಕಿಚುಕ್ಕಿಯಾಗಿ ಒಡೆದು ತೋರಿಸಬಲ್ಲದು. ಇದನ್ನು ಹೇಳಿದಾಗ ದಾವಣಗೆರೆಯ ಹುಡುಗಿ ತಂದೆಯನ್ನು ಕೇಳಿದ್ದು ಒಂದೇ: “ಅಪ್ಪಾ, ಅಜ್ಜಿ ಊರಿನ ಕಣದಲ್ಲಿ ಕರೆಂಟಿನ ಕಂಬ ಇದೆಯಾ?” ದೂರದರ್ಶಕ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಜಾಗ ಗೊತ್ತುಮಾಡಿಕೊಳ್ಳಿ, ಬೈನಾಕ್ಯುಲರ್‌ನಿಂದ ಒಂದು ಋತುವಿನ ಆಕಾಶ ಕಲಿಯಿರಿ, ಆಮೇಲೆ ಎತ್ತಬಲ್ಲಷ್ಟು ಅಗಲದ ಕನ್ನಡಿ ಕೊಳ್ಳಿ. ಈ ಕ್ರಮದಲ್ಲಿ ಕೊಂಡ ದೂರದರ್ಶಕ ಮೂಲೆ ಸೇರುವುದಿಲ್ಲ.